ಶಾರ್ವರಿಯ ಲೆಕ್ಕ

ಸಂವತ್ಸರಗಳು ಪಂಚಾಂಗದಲ್ಲಿ ಸರದಿಯ ಪ್ರಕಾರ ಬಂದುಹೋಗುವುದಕ್ಕೂ ಲೋಕದ ಸುಖದುಃಖಗಳಿಗೂ ಸಂಬಂಧವಿರಬೇಕಾದ ಅಗತ್ಯವೇನೂ ಇಲ್ಲ. ಆದರೂ ಈ ಒಂದು ಸಲ ಪಂಚಾಂಗದ ವರ್ಷವೂ ಕೊರೋನಾ ಪಿಡುಗಿನ ವರ್ಷವೂ ಒಂದೇ ಬೆಳಗಿನಲ್ಲಿ ಮೊದಲಾದುವು. 2020ನೆಯ ಇಸವಿ ಮಾರ್ಚ್ 24ರ ಮಂಗಳವಾರ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ದೂರದರ್ಶನದಲ್ಲಿ ಕಾಣಿಸಿಕೊಂಡು, ಆ ನಡುರಾತ್ರಿಯಿಂದ 21 ದಿನಗಳ ಕಾಲ ಯಾರೂ ಮನೆಯ ಹೊಸ್ತಿಲು ದಾಟಬಾರದೆಂದು ಸಾರಿದರು. ಮರುದಿನ ಬುಧವಾರವೇ ಯುಗಾದಿ, ಶಾರ್ವರಿ ಸಂವತ್ಸರದ ಮೊದಲ ದಿನ. ಆ ಸಂವತ್ಸರ ಮುಗಿದು, 2021ರ ಏಪ್ರಿಲ್ 13ರಂದು ಪ್ಲವ ಕಾಲಿಟ್ಟಿತು. ವರ್ಷದ ಕಡೆಯಲ್ಲಿ ಅಂಗಡಿಯವನು ಖಾತೆಪುಸ್ತಕವನ್ನು ತೆರೆದು ಬಂದದ್ದೆಷ್ಟು ಹೋದದ್ದೆಷ್ಟು ಎಂದು ನೋಡಿಕೊಳ್ಳುವಂತೆ, ಆ ವರ್ಷವನ್ನು ಒಮ್ಮೆ ಬಿಚ್ಚಿ ನೋಡಬಹುದು.

ಇಂಥ ಲೆಕ್ಕವನ್ನು ರಾಜಧಾನಿಯಲ್ಲಿ ಕುಳಿತು ಬರೆದವರು ಅನೇಕರು. ಅವರ ಲೆಕ್ಕದಲ್ಲಿ ಆಸ್ಪತ್ರೆಯ ಹಾಸಿಗೆಗಳೂ ವಿಮಾನಗಳೂ ಮನೆಯಿಂದಲೇ ನಡೆದ ಕಚೇರಿಯ ಕೆಲಸವೂ ಬರುತ್ತವೆ. ನಾನು ನೋಡಬೇಕೆಂದಿರುವುದು ರಾಮನಗರಕ್ಕೆ ಕೆಲವೇ ಮೈಲಿ ದೂರದಲ್ಲಿರುವ ಕೈಲಾಂಚ ಹೋಬಳಿಯನ್ನು, ಅದರ ಸುತ್ತಣ ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯನ್ನು. ಬಂಡೆಬೆಟ್ಟಗಳ ನಡುವೆ ಹಿಪ್ಪುನೇರಳೆ ತೋಟ, ಮಾವಿನ ತೋಪು, ರಾಗಿಯ ಹೊಲ, ಮನೆಗೆರಡು ಸೀಮೆಹಸು, ಅಂಚಿನ ಕಾಡಿನಿಂದ ಆಗಾಗ ಇಳಿದು ಬರುವ ಆನೆ, ಇದು ಆ ಸೀಮೆಯ ಸ್ಥೂಲ ಚಿತ್ರ. ಬೆಂಗಳೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದ್ದು, ಹಾಲಿನಿಂದ ಹಿಡಿದು ಹುಡುಗರವರೆಗೆ ತನ್ನದೆಲ್ಲವನ್ನೂ ಆ ನಗರಕ್ಕೆ ಕಳುಹಿಸಿ ಬದುಕುವ ಈ ಸೀಮೆಗೆ, ನಗರದ ಬಾಗಿಲು ಮುಚ್ಚಿದಾಗ ಏನಾಯಿತೆಂಬುದು ವಿಚಾರಯೋಗ್ಯವಾದ ಸಂಗತಿ.

ಆ ಯುಗಾದಿಯಂದು ಬೇವುಬೆಲ್ಲಕ್ಕೇನೂ ಕೊರತೆಯಾಗಲಿಲ್ಲ. ಬೇವು ಹಿತ್ತಿಲಲ್ಲಿತ್ತು, ಬೆಲ್ಲ ಡಬ್ಬದಲ್ಲಿತ್ತು. ಕೊರತೆಯಾದದ್ದು ಜನಕ್ಕೆ. ಹಬ್ಬಕ್ಕೆಂದು ಬೆಂಗಳೂರಿನಿಂದ ಹೊರಟ ಮಕ್ಕಳಲ್ಲಿ ಕೆಲವರು ಮಂಗಳವಾರ ಸಂಜೆಯೊಳಗೆ ಊರು ಸೇರಿದರು, ಕೆಲವರು ಅಲ್ಲಿಯೇ ಉಳಿದರು. ಹೊನ್ನಾರು ಕಟ್ಟಿ ವರ್ಷದ ಮೊದಲ ಸಾಲು ಹೊಡೆಯುವ ಪದ್ಧತಿಯುಳ್ಳ ಊರುಗಳಲ್ಲಿ ಗುಂಪು ಸೇರುವಂತಿರಲಿಲ್ಲ. ಮರುದಿನದ ಹೊಸತೊಡಕಿನ ಮಾತು ಮಾತ್ರ ಬೇರೆ. ಹಳೆಯ ಮೈಸೂರಿನ ಈ ಭಾಗದಲ್ಲಿ ಹೊಸತೊಡಕಿನ ದಿನ ಬಾಡೂಟವಿಲ್ಲದಿದ್ದರೆ ವರ್ಷವೇ ಮೊದಲಾಗಲಿಲ್ಲವೆಂದು ಲೆಕ್ಕ. ನಾಲ್ಕಾರು ಮನೆಯವರು ಸೇರಿ ಕುರಿಯೊಂದನ್ನು ಕೊಂಡು, ಕೊಯ್ದು, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ಪದ್ಧತಿ ಹಳ್ಳಿಗಳಲ್ಲಿ ಇಂದಿಗೂ ಉಂಟು. ಪಟ್ಟಣಗಳ ಮಾಂಸದಂಗಡಿಗಳ ಮುಂದೆ ಸುಣ್ಣದ ವೃತ್ತಗಳಲ್ಲಿ ಜನ ನಿಂತದ್ದನ್ನು ಪತ್ರಿಕೆಗಳು ಚಿತ್ರಸಹಿತ ಪ್ರಕಟಿಸಿ ಖಂಡಿಸಿದುವು. ಖಂಡಿಸತಕ್ಕದ್ದೇ, ಆದರೆ ನೂರಾರು ವರ್ಷಗಳ ಅಭ್ಯಾಸ ನಾಲ್ಕು ಗಂಟೆಗಳ ನೋಟೀಸಿನಲ್ಲಿ ಬಿಟ್ಟುಹೋದೀತೆಂದು ನಿರೀಕ್ಷಿಸಿದವರ ಲೋಕಜ್ಞಾನವೂ ಅಷ್ಟರಲ್ಲೇ ಇದ್ದಿತು.

ಆ ಮೊದಲ ತಿಂಗಳುಗಳ ವಿಶೇಷವೇನೆಂದರೆ, ಈ ಸೀಮೆಗೆ ರೋಗ ಬಂದಿರಲಿಲ್ಲ, ರೋಗದ ಕಟ್ಟಳೆ ಮಾತ್ರ ಬಂದಿತ್ತು. ಮಾರ್ಚ್ ತಿಂಗಳಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೊರೋನಾ ಸಾವು ಸಂಭವಿಸಿದರೂ, ಬೆಂಗಳೂರು ಮೈಸೂರುಗಳೆರಡೂ ಕೆಂಪು ವಲಯಗಳಾದರೂ, ಅವೆರಡರ ನಡುವಣ ಹೆದ್ದಾರಿಯ ಮೇಲೆಯೇ ಇರುವ ರಾಮನಗರ ಜಿಲ್ಲೆ ಮೇ ತಿಂಗಳ ಮೊದಲಲ್ಲಿ ಹಸಿರು ವಲಯದ ಪಟ್ಟಿಯಲ್ಲಿಯೇ ಇದ್ದಿತು. ಏಪ್ರಿಲ್ ಉತ್ತರಾರ್ಧದಲ್ಲಿ ಬೆಂಗಳೂರಿನ ಪಾದರಾಯನಪುರದ ಗಲಭೆಯಲ್ಲಿ ಬಂಧಿತರಾದವರನ್ನು ರಾಮನಗರದ ಕಾರಾಗೃಹಕ್ಕೆ ತಂದಿರಿಸಿ, ಅವರಲ್ಲಿ ಕೆಲವರಿಗೆ ಸೋಂಕಿರುವುದು ಗೊತ್ತಾದಾಗ ಜಿಲ್ಲೆಯೇ ತಲ್ಲಣಿಸಿತು. ಅವರನ್ನು ಮತ್ತೆ ಬೆಂಗಳೂರಿಗೆ ಸಾಗಿಸಿದ ಮೇಲೆ ಊರು ನಿಟ್ಟುಸಿರುಬಿಟ್ಟಿತು. ಅಷ್ಟರಲ್ಲಿ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಊರ ಬಾಗಿಲಿಗೆ ಜಾಲಿಮುಳ್ಳನ್ನೋ ಮರದ ದಿಮ್ಮಿಯನ್ನೋ ಅಡ್ಡ ಹಾಕಿ, ಹೊರಗಿನವರು ಬರಕೂಡದೆಂದು ಡಂಗುರ ಸಾರಿದ್ದರು. ಹೊರಗಿನವರೆಂದರೆ ಯಾರು? ಬಹುಮಟ್ಟಿಗೆ ಆ ಊರಿನದೇ ಮಕ್ಕಳು, ನಗರದಲ್ಲಿ ದುಡಿದು ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದವರು. ಭಯವು ಬಂಧುತ್ವವನ್ನು ಎಷ್ಟು ಬೇಗ ಮರೆಯಿಸಬಲ್ಲುದೆಂಬುದನ್ನು ಆ ಮುಳ್ಳುಬೇಲಿಗಳು ತೋರಿಸಿದುವು. ವಾರ ಕಳೆಯುವಷ್ಟರಲ್ಲಿ ಬೇಲಿಯ ಪಕ್ಕದಲ್ಲಿ ಒಂದು ಕಾಲುದಾರಿಯೂ ಆಗಿಹೋಯಿತೆಂಬುದನ್ನು ಹೇಳದಿದ್ದರೆ ಹಳ್ಳಿಗೆ ಅನ್ಯಾಯ ಮಾಡಿದಂತಾದೀತು.

ಆದರೆ ಆಜ್ಞೆಗೆ ಮಣಿದು ನಿಲ್ಲಲಾಗದ ಜೀವವೊಂದು ಈ ಸೀಮೆಯ ಮನೆಮನೆಯಲ್ಲಿಯೂ ಉಂಟು. ಅದು ರೇಷ್ಮೆಹುಳು. ಮೊಟ್ಟೆಯೊಡೆದು ಬಂದ, ಬೆಂಕಿಕಡ್ಡಿಯ ತುದಿಗಿಂತ ಚಿಕ್ಕದಾದ ಚಾಕಿಹುಳು, ನಾಲ್ಕು ಸಲ ಜ್ವರಕ್ಕೆ ಕೂತು, ನಾಲ್ಕು ಸಲ ಪೊರೆ ಕಳಚಿ, ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ತೂಕ ಪಡೆದು ಹಣ್ಣಾಗುತ್ತದೆ. ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ 80 ಪಾಲನ್ನೂ ಮೀರಿ ಅದು ಕಡೆಯ ವಾರದಲ್ಲಿಯೇ ತಿನ್ನುವುದು. ಆ ವಾರ ಮನೆಯವರಿಗೆ ನಿದ್ರೆಯಿಲ್ಲ. ನಡುರಾತ್ರಿಯಲ್ಲಿ ಹುಳುಮನೆಯ ಬಾಗಿಲಲ್ಲಿ ನಿಂತರೆ, ಸಾವಿರಾರು ಹುಳುಗಳು ಸೊಪ್ಪನ್ನು ಕಡಿಯುವ ಸದ್ದು ಸಣ್ಣ ಮಳೆಯ ಸದ್ದಿನಂತೆಯೇ ಕೇಳಿಸುವುದು. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತವೆ; ಐದಾರನೆಯ ದಿನ ಗೂಡು ಬಿಡಿಸಬೇಕು; ಬಿಡಿಸಿದ ಮೇಲೆ ಬೇಗನೆ ಮಾರಬೇಕು, ಇಲ್ಲದಿದ್ದರೆ ಒಳಗಿನ ಕೋಶ ಪತಂಗವಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬೀಳುತ್ತದೆ. ತೂತುಬಿದ್ದ ಗೂಡಿನಿಂದ ಉದ್ದನೆಯ ಎಳೆ ಬಾರದು. ಹೀಗೆ ಮಾರ್ಚ್ ಮೊದಲಲ್ಲಿ ಮೊಟ್ಟೆ ತಂದವನ ಗೂಡು, ಕಟ್ಟಳೆ ಬರಲಿ ಬಿಡಲಿ, ತಿಂಗಳ ಕೊನೆಗೆ ಸಿದ್ಧವಾಗಿಯೇ ಇದ್ದಿತು.

ಸಿದ್ಧವಾದ ಗೂಡು ಹೋಗಬೇಕಾದುದು ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಗೆ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಗೆ ಈ ಜಿಲ್ಲೆಯಿಂದಷ್ಟೇ ಅಲ್ಲ, ರಾಜ್ಯದ ದೂರದೂರದ ಊರುಗಳಿಂದಲೂ ನೆರೆರಾಜ್ಯಗಳಿಂದಲೂ ರಾತ್ರಿಯೆಲ್ಲ ಗಾಡಿಗಳು ಬರುತ್ತವೆ. ಅದು ಕೆಲವು ದಿನ ಬಾಗಿಲು ಹಾಕಿತು. ಗೂಡು ಕಾಯಲಾರದೆಂಬುದು ಅರಿವಾದ ಮೇಲೆ ಸರ್ಕಾರ ಮತ್ತೆ ತೆರೆಯಿತು. ತೆರೆದರೂ ಮೊದಲಿನ ಮಾರುಕಟ್ಟೆ ಅದಾಗಿರಲಿಲ್ಲ. ರೇಷ್ಮೆಯೆಂಬುದು ಹೊಟ್ಟೆಗೆ ಬೇಕಾದ ವಸ್ತುವಲ್ಲ. ಮದುವೆಗೆ ಬೇಕಾದ ವಸ್ತು. ಮದುವೆಗಳು ನಿಂತುವು, ಸೀರೆಯಂಗಡಿಗಳು ಮುಚ್ಚಿದುವು, ಕಾಂಚೀಪುರ ವಾರಾಣಸಿಗಳ ಮಗ್ಗಗಳು ಸುಮ್ಮನಾದುವು. ಆ ಮಗ್ಗಗಳಿಗೆ ನೂಲು ಕೊಡುತ್ತಿದ್ದ ರಾಮನಗರದ ರೀಲರನ ಮನೆಯಲ್ಲಿ ನೂಲು ಉಳಿಯಿತು. ನೂಲು ಉಳಿದವನು ಗೂಡನ್ನು ಕೊಂಡಾನೆ? ಬೆಳೆಗಾರನಿಗೂ ರೀಲರನಿಗೂ ಆಗ ನಡೆಯುತ್ತಿದ್ದ ಸಂಭಾಷಣೆ ಈ ಬಗೆಯದು:

"ಏನ್ ಭಾಯ್, ಗೂಡು ಮುಟ್ಟೂ ನೋಡ್ದೆ ಹೊಂಟ್ರಲ್ಲ?"

"ಏನ್ ನೋಡ್ಲಿ ಗೌಡ್ರೇ, ನಿಮ್ ಗೂಡು ಚಿನ್ನ್ದಂಗದೆ. ನನ್ನ್ ನೂಲು ಮನೇಲೇ ಕುಂತದೆ, ಬನಾರಸ್‌ನೋರು ಫೋನೇ ಎತ್ತಾಕಿಲ್ಲ. ತಗೊಂಡೋಗಿ ನಾನೆಲ್ಲಿಡ್ಲಿ?"

ಇಬ್ಬರ ಮಾತೂ ನಿಜ. ಇಬ್ಬರಲ್ಲಿ ಒಬ್ಬರೂ ತಪ್ಪಿತಸ್ಥರಲ್ಲ. ದರ ನೆಲಕ್ಕಿಳಿಯಿತು. ಒಂದು ಬೆಳೆಗೆ ಹಾಕಿದ ಗೊಬ್ಬರ, ಮೊಟ್ಟೆ, ಕೂಲಿಗಳ ಖರ್ಚು ಹುಟ್ಟದೆ ಹೋದವರು ಎಷ್ಟೋ ಮಂದಿ. ಕೆಲವರು ಮುಂದಿನ ಬೆಳೆಗೆ ಮೊಟ್ಟೆಯನ್ನೇ ತರಲಿಲ್ಲ, ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು ದನಕ್ಕೆ ಹಾಕಿದರು. ವರ್ಷದ ಕಡೆಗೆ ದರ ಚೇತರಿಸಿಕೊಂಡಿತು. ಆದರೆ ಚೇತರಿಸಿಕೊಂಡ ದರ ಹಳೆಯ ಬೆಳೆಯ ಸಾಲವನ್ನು ತೀರಿಸುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಕೈ ತೊಳೆಯಿರಿ, ದೂರ ನಿಲ್ಲಿರಿ, ಹೊರಗಿನಿಂದ ಬಂದವರನ್ನು ಒಳಗೆ ಬಿಡಬೇಡಿರಿ ಎಂಬುದನ್ನು ನಗರವಾಸಿಗಳಿಗೆ ದೂರವಾಣಿಯ ಕರೆಗೆ ಮೊದಲು ಕೆಮ್ಮಿನ ಸದ್ದು ಕೇಳಿಸಿ ಕಲಿಸಬೇಕಾಯಿತು. ಹುಳು ಸಾಕುವವನಿಗೆ ಇದು ಹಳೆಯ ಪಾಠ. ಅವನ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತೊಟ್ಟಿಯೋ ನೆನೆಸಿದ ಗೋಣಿಯೋ ಇದ್ದು, ಅದರಲ್ಲಿ ಕಾಲಿಟ್ಟೇ ಒಳಗೆ ಹೋಗಬೇಕು. ಕೈ ತೊಳೆಯದೆ ಸೊಪ್ಪು ಮುಟ್ಟುವಂತಿಲ್ಲ. ಬೆಳೆ ಮುಗಿದೊಡನೆ ಗೋಡೆ, ತಟ್ಟೆ, ಚಂದ್ರಿಕೆಗಳನ್ನೆಲ್ಲ ಸೋಂಕು ತೊಳೆಯಬೇಕು. ನೆರೆಮನೆಯವನೇ ಬಂದರೂ "ಹುಳ ಅವೆ ಕಣಣ್ಣ, ಈಚೆಗೇ ಕೂತ್ಕೊ" ಎಂದು ಜಗಲಿಯಲ್ಲಿಯೇ ಕೂಡಿಸಬೇಕು. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟು ಎಂಬ ಹೆಸರಿನ ಹುಳುವಿನ ರೋಗಗಳು ಒಂದು ತಟ್ಟೆಯಲ್ಲಿ ಕಾಣಿಸಿಕೊಂಡರೆ ಹುಳುಮನೆಯೇ ಬರಿದಾಗುವುದನ್ನು ಕಂಡವನಿಗೆ, ಸೋಂಕೆಂದರೇನೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಮನುಷ್ಯಕುಲ ಸೋಂಕಿನ ವಿದ್ಯೆಯನ್ನು ಕಲಿತದ್ದೂ ಒಂದು ಅಂಶದಲ್ಲಿ ಈ ಹುಳುವಿನಿಂದಲೇ. 1865ರಲ್ಲಿ ಫ್ರಾನ್ಸ್ ದೇಶದ ರೇಷ್ಮೆ ಕೃಷಿ ಗಂಟುರೋಗದಿಂದ ನಾಶದ ಅಂಚಿಗೆ ಬಂದಾಗ, ಲೂಯಿ ಪಾಶ್ಚರನನ್ನು ದಕ್ಷಿಣದ ಆಲೆಸ್ ಪಟ್ಟಣಕ್ಕೆ ಕಳುಹಿಸಲಾಯಿತು. ರೇಷ್ಮೆಹುಳುವನ್ನು ಅದಕ್ಕೆ ಮುಂಚೆ ಅಭ್ಯಸಿಸಿಯೇ ಇರದ ಆತ ವರ್ಷಗಟ್ಟಲೆ ಶ್ರಮಿಸಿ, ಮೊಟ್ಟೆಯಿಟ್ಟ ತಾಯಿಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡುವ ಕ್ರಮವನ್ನು ಸ್ಥಾಪಿಸಿದನು. ಇಂದು ಕೈಲಾಂಚದ ರೈತ ರೋಗರಹಿತ ಮೊಟ್ಟೆಯೆಂದು ಹಾಳೆಗೆ ಹಣ ಕೊಟ್ಟು ತರುವ ಪದಾರ್ಥ ಆ ಕ್ರಮದ ಸಂತಾನ. ಇದೇ ಪಾಶ್ಚರನು ಮುಂದೆ ರೇಬೀಸಿಗೆ ಲಸಿಕೆ ಕಂಡುಹಿಡಿದನು. ಆದರೂ, ಹುಳುವಿನ ಮುಂದೆ ಅಷ್ಟು ಮಡಿಯಿಂದಿರುವ ಅದೇ ಮನುಷ್ಯ, ಜಗಲಿಗೆ ಬಂದು ಇಸ್ಪೀಟಿಗೆ ಕುಳಿತಾಗ ಮುಖಗವಸನ್ನು ಗಲ್ಲಕ್ಕಿಳಿಸಿಕೊಳ್ಳುವುದನ್ನೂ ನೋಡಿದ್ದೇವೆ. ತಿಳಿವಳಿಕೆ ಒಂದು, ನಡವಳಿಕೆ ಇನ್ನೊಂದು.

ಮಾವಿನ ಕಥೆಯೂ ಗೂಡಿನ ಕಥೆಗೆ ದೂರವಲ್ಲ. ಕೋಲಾರದ ಶ್ರೀನಿವಾಸಪುರ ಸೀಮೆಗಿಂತ ಮೊದಲೇ ರಾಮನಗರದ ಬಾದಾಮಿ, ಸೇಂದೂರಗಳು ಮಾರುಕಟ್ಟೆಗೆ ಬರುವುದರಿಂದ ಇಲ್ಲಿಯ ಬೆಳೆಗಾರನಿಗೆ ಏಪ್ರಿಲ್ ತಿಂಗಳೇ ಸುಗ್ಗಿ. ಆ ಏಪ್ರಿಲ್ ತಿಂಗಳಲ್ಲಿಯೇ ಹೊರರಾಜ್ಯದ ವ್ಯಾಪಾರಿಗಳು ಬರುವಂತಿರಲಿಲ್ಲ, ಲಾಲ್‌ಬಾಗಿನ ಮಾವಿನ ಮೇಳವೂ ಆ ವರ್ಷವಿರಲಿಲ್ಲ. ಅಂಚೆಯಣ್ಣನ ಮೂಲಕ ಬೆಂಗಳೂರಿನ ಮನೆಗಳಿಗೆ ಹಣ್ಣಿನ ಪೆಟ್ಟಿಗೆ ಮುಟ್ಟಿಸುವ ಏರ್ಪಾಟೊಂದು ನಡೆದು ಕೆಲವರಿಗೆ ಒಳ್ಳೆಯ ಬೆಲೆ ದೊರೆಯಿತು. ಉಳಿದವರು ತೋಪಿನ ಮುಂದೆಯೇ ಗುಡ್ಡೆ ಹಾಕಿ ಮಾರಿದರು. ಚನ್ನಪಟ್ಟಣದ ಬೊಂಬೆಯವರ ಸ್ಥಿತಿ ಇನ್ನೂ ವಿಚಿತ್ರ. ಅವರ ಅರಗಿನ ಬಣ್ಣದ ಬೊಂಬೆ ಕೆಡುವ ಸರಕಲ್ಲ, ಆದರೆ ಅದನ್ನು ಕೊಳ್ಳುತ್ತಿದ್ದವರು ಮೈಸೂರು ರಸ್ತೆಯಲ್ಲಿ ಕಾರು ನಿಲ್ಲಿಸುತ್ತಿದ್ದ ಪ್ರವಾಸಿಗರು. ರಸ್ತೆಯೇ ಬರಿದಾದ ಮೇಲೆ ಹಾಲೆಮರದ ತುಂಡುಗಳೂ ಚರಕಿಯಂತ್ರಗಳೂ ಸುಮ್ಮನೆ ಬಿದ್ದಿದ್ದುವು. ಆಗಸ್ಟ್ 30ರ ‘ಮನದ ಮಾತು’ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳು ಚನ್ನಪಟ್ಟಣದ ಹೆಸರು ಹೇಳಿದರು. 2021ರ ಫೆಬ್ರವರಿ ಕೊನೆಯಲ್ಲಿ ಅಂತರ್ಜಾಲದಲ್ಲಿ ಆಟಿಕೆ ಮೇಳವೂ ನಡೆಯಿತು. ಹೊಗಳಿಕೆ ಒಳ್ಳೆಯದೇ. ಗಿರಾಕಿ ಬಂದರೆ ಇನ್ನೂ ಒಳ್ಳೆಯದು.

ಹಾಗಾದರೆ ಈ ಸೀಮೆ ಉಸಿರು ಹಿಡಿದುಕೊಂಡದ್ದಾದರೂ ಹೇಗೆ? ಇದಕ್ಕೆ ನನಗೆ ತೋರುವ ಉತ್ತರ ಬಹು ಸಾಮಾನ್ಯವಾದುದು, ಭಾಷಣಕ್ಕೆ ಒದಗದಂಥದು. ಆ ವರ್ಷ ಜನರನ್ನು ಎತ್ತಿ ಹಿಡಿದದ್ದು ಯಾವುದೇ ಹೊಸ ಯೋಜನೆಯಲ್ಲ, ಯಾವ ಮಹಾಪುರುಷನೂ ಅಲ್ಲ. ನಾವು ದಿನವೂ ನೋಡಿ, ದಿನವೂ ಬೈದು, ಇದ್ದೇ ಇರುತ್ತವೆಂದು ಮರೆತುಬಿಟ್ಟಿದ್ದ ನಾಲ್ಕಾರು ಹಳೆಯ ವ್ಯವಸ್ಥೆಗಳು. ಅವುಗಳಲ್ಲಿ ಮೊದಲನೆಯದು ಹಾಲಿನ ಡೇರಿ.

ಬೆಳಿಗ್ಗೆ ಆರು ಗಂಟೆಗೆ ಯಾವ ಹಳ್ಳಿಯ ಡೇರಿಯ ಮುಂದಾದರೂ ನಿಂತು ನೋಡಿರಿ. ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಬಕೆಟು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡ ಹೆಂಗಸರ ಸಾಲು. ಕಾರ್ಯದರ್ಶಿ ಹಾಲಿನ ಮಾದರಿಯನ್ನು ಯಂತ್ರಕ್ಕೆ ಹಿಡಿದು ಜಿಡ್ಡಿನ ಅಂಶ ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ. ಅಳತೆಯಲ್ಲಿ ಚಮಚೆಯಷ್ಟು ಹೆಚ್ಚುಕಡಿಮೆಯಾದರೆ ಅಲ್ಲೊಂದು ಜಗಳ. ಆ ಯುಗಾದಿಯ ಮರುದಿನವೂ ಈ ಸಾಲು ಇದ್ದಿತು, ಸುಣ್ಣದ ಗುರುತುಗಳ ಮೇಲೆ ಒಬ್ಬರಿಂದೊಬ್ಬರು ದೂರ ನಿಂತು. ಹೋಟೆಲು, ಮದುವೆ, ಮಿಠಾಯಿಯಂಗಡಿಗಳೆಲ್ಲ ಮುಚ್ಚಿ ನಗರದಲ್ಲಿ ಹಾಲಿನ ಬೇಡಿಕೆ ಕುಸಿದಿದ್ದರೂ, ಬೆಂಗಳೂರು ಹಾಲು ಒಕ್ಕೂಟದ ಗಾಡಿ ಬಂದು ಹಾಲೊಯ್ಯಿತು. ಮಿಕ್ಕ ಹಾಲನ್ನು ರಾಜ್ಯಸರ್ಕಾರ ಕೊಂಡು ಏಪ್ರಿಲ್ ಮೊದಲ ವಾರದಿಂದ ನಗರಗಳ ಬಡವರಿಗೆ ಉಚಿತವಾಗಿ ಹಂಚಿತು. ಗೂಡಿನ ಹಣ ಬಾರದ ಮನೆಗೆ, ಬೆಂಗಳೂರಿನ ಸಂಬಳ ನಿಂತ ಮನೆಗೆ, ಹಾಲಿನ ಬಟವಾಡೆಯೊಂದೇ ಕೈಗೆ ಕಾಣುವ ಹಣವಾಗಿದ್ದಿತು. ರೇಷ್ಮೆಗೂ ಹಾಲಿಗೂ ಇದ್ದ ವ್ಯತ್ಯಾಸವನ್ನು ಗಮನಿಸಬೇಕು: ಎರಡೂ ಕಾಯಲಾರದ ಪದಾರ್ಥಗಳು, ಎರಡನ್ನೂ ಬೆಳೆದವರು ಅದೇ ಮನೆಯವರು, ಆದರೆ ಹಾಲಿಗೆ ಕೊಳ್ಳಲೇಬೇಕೆಂದು ಕಟ್ಟುಬಿದ್ದ ಸಂಘವಿತ್ತು, ರೇಷ್ಮೆಗೆ ಹರಾಜಿನ ಕಟ್ಟೆ ಮಾತ್ರವಿತ್ತು.

ನ್ಯಾಯಬೆಲೆ ಅಂಗಡಿಯ ವಿಷಯವೂ ಹೀಗೆಯೇ. ಏಪ್ರಿಲಿನಿಂದ ನವೆಂಬರಿನವರೆಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ ಪುಕ್ಕಟೆಯಾಗಿ ದೊರೆಯಿತು. ತೂಕದಲ್ಲಿ ಕಡಿತವಾಯಿತೆಂಬ ದೂರು ಎಂದಿನಂತೆ ಇದ್ದೇ ಇತ್ತು, ಆದರೆ ಒಲೆ ಉರಿಯಿತು. ಉದ್ಯೋಗ ಖಾತರಿಯ ಕೂಲಿ ಆ ಏಪ್ರಿಲಿನಲ್ಲಿ 249 ರೂಪಾಯಿಯಿಂದ 275ಕ್ಕೆ ಏರಿತು. ನಗರದ ಕಚೇರಿಯಿಂದಲೋ ಬಿಡದಿಯ ಕಾರ್ಖಾನೆಯಿಂದಲೋ ಕೆಲಸವಿಲ್ಲದೆ ಮರಳಿದ ಪದವೀಧರ ಹುಡುಗರು ಕೃಷಿಹೊಂಡಕ್ಕೆ ಮಣ್ಣು ಹೊತ್ತ ಸುದ್ದಿ ರಾಜ್ಯದ ಹಲವೆಡೆಗಳಿಂದ ಬಂದಿತು. ಅದನ್ನು ಕೆಲವರು ಮಣ್ಣಿಗೆ ಮರಳಿದ ಪುಣ್ಯಕಾರ್ಯವೆಂದು ವರ್ಣಿಸಿದರು. ನನಗೆ ಹಾಗೆ ತೋರಲಿಲ್ಲ. ಮನೆಯವರು ಹೊಲ ಮಾರಿ ಓದಿಸಿದ ಹುಡುಗ ಅದೇ ಹೊಲದ ಬದುವಿನಲ್ಲಿ ದಿನಗೂಲಿಗೆ ಹಾರೆ ಹಿಡಿಯುವುದರಲ್ಲಿ ಸಂತೋಷಪಡತಕ್ಕದ್ದೇನಿದೆ?

ಇನ್ನು ಆಶಾ ಕಾರ್ಯಕರ್ತೆಯರು. ಸಾವಿರ ಜನಕ್ಕೆ ಒಬ್ಬರೆಂಬ ಲೆಕ್ಕದಲ್ಲಿ ರಾಜ್ಯದಲ್ಲಿ ಸುಮಾರು 42,000 ಮಂದಿ ಇರುವ ಈ ಹೆಂಗಸರು ಸರ್ಕಾರದ ನೌಕರರೂ ಅಲ್ಲ, ಸಂಬಳಗಾರರೂ ಅಲ್ಲ. ಗೌರವಧನವೆಂಬ ಸ್ವಲ್ಪ ಹಣಕ್ಕೆ ದುಡಿಯುವವರು. ಯಾರ ಮನೆಗೆ ಬೆಂಗಳೂರಿನಿಂದ ಮಗ ಬಂದ, ಯಾವ ಅಜ್ಜನಿಗೆ ಕೆಮ್ಮು, ಯಾವ ಬಸುರಿಗೆ ಯಾವಾಗ ದಿನ ತುಂಬುತ್ತದೆ ಎಂಬುದನ್ನೆಲ್ಲ ಮನೆಮನೆ ತಿರುಗಿ ಬರೆದುಕೊಂಡವರು ಇವರು. ಬಾಗಿಲಲ್ಲಿ "ಅವ್ವಾ, ಯಾರಾದ್ರೂ ಹೊಸಬರು ಬಂದವ್ರಾ?" ಎಂದರೆ, ಒಳಗಿನಿಂದ "ಬಂದ್ರೆ ನಿಂಗೇನವ್ವ, ನಿನ್ ಮನೆ ನೋಡ್ಕೊ ಹೋಗು" ಎಂಬ ಉತ್ತರ ಕೇಳಿದವರು. ಕೆಲವೆಡೆ ಅವರ ಮೇಲೆ ಹಲ್ಲೆಗಳೂ ನಡೆದುವು. ಜನ ಚಪ್ಪಾಳೆ ತಟ್ಟಿ ಹೂಮಳೆ ಸುರಿಸಿದ ಮೇಲೆ, ಸರ್ಕಾರ 3,000 ರೂಪಾಯಿಯ ಪ್ರೋತ್ಸಾಹಧನ ಘೋಷಿಸಿದ ಮೇಲೆ, ಜುಲೈ ತಿಂಗಳಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ರಕ್ಷಣಾಸಾಮಗ್ರಿಯನ್ನೂ ಕೇಳಿ ಮುಷ್ಕರ ಹೂಡಬೇಕಾಯಿತು. ಚಪ್ಪಾಳೆಗೆ ಖರ್ಚಿಲ್ಲ.

ಆ ಜುಲೈಯಲ್ಲಿಯೇ ರೋಗ ನಿಜವಾಗಿ ಈ ಕಡೆ ಬಂದದ್ದು. ಬೆಂಗಳೂರಿಗೆ ಜುಲೈ 14ರಿಂದ ಒಂದು ವಾರ ಮತ್ತೆ ಬೀಗಮುದ್ರೆಯೆಂದು ಸಾರಿದಾಗ, ಹಿಂದಿನ ದಿನ ಮೈಸೂರು ರಸ್ತೆಯುದ್ದಕ್ಕೂ ಗಂಟುಮೂಟೆ ಕಟ್ಟಿಕೊಂಡ ಸಂಸಾರಗಳ ಸಾಲು ಸಾಗಿತು. ಈ ಸಲ ಮುಳ್ಳುಬೇಲಿ ಹಾಕುವವರಾರೂ ಇರಲಿಲ್ಲ. ಮಳೆಗಾಲ ಕಳೆಯುವ ವೇಳೆಗೆ ಸೋಂಕು ಕಾಣದ ಹೋಬಳಿ ಉಳಿಯಲಿಲ್ಲವೆನ್ನಬಹುದು. ರೋಗಕ್ಕಿಂತ ಹೆಚ್ಚಾಗಿ ಹಳ್ಳಿಗರನ್ನು ನೋಯಿಸಿದ್ದು ಸಾವಿನ ರೀತಿ. ಪ್ಲಾಸ್ಟಿಕಿನಲ್ಲಿ ಸುತ್ತಿದ ದೇಹ, ಮುಖ ತೋರಿಸದೆ, ಹೆಗಲು ಕೊಡಿಸದೆ, ಬಾಯಿಗೆ ಅಕ್ಕಿಕಾಳು ಹಾಕಿಸದೆ, ಗುರುತು ಸಿಗದ ದಿರಿಸಿನ ನಾಲ್ವರು ಹೂಳಿ ಹೋಗುವ ದೃಶ್ಯ. ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ಮೇಲೆ, ಜ್ವರ ಬಂದರೂ ಆಸ್ಪತ್ರೆಗೆ ಹೋಗಲೊಲ್ಲೆನೆಂದು ಹಟಹಿಡಿದ ಮುದುಕರು ಊರೂರಿನಲ್ಲಿದ್ದರು. ಅಧಿಕಾರಿಗಳು ಕ್ಷಮೆ ಕೇಳಿದರು, ಸಿಬ್ಬಂದಿಯ ಮೇಲೆ ಕ್ರಮವಾಯಿತು. ಆದರೆ ಆ ಭಯ ಎಷ್ಟು ಜೀವ ತೆಗೆಯಿತೆಂಬುದು ಯಾವ ಕಡತದಲ್ಲಿಯೂ ಸಿಕ್ಕಲಾರದು.

ನನ್ನ ಲೆಕ್ಕದಲ್ಲಿ ವರ್ಷದ ಅತ್ಯಂತ ದೊಡ್ಡ ನಷ್ಟ ಮಾತ್ರ ಗೂಡಿನದೂ ಅಲ್ಲ, ಮಾವಿನದೂ ಅಲ್ಲ, ಶಾಲೆಯದು. ಜೂನ್ 25ರಿಂದ ಎಂಟು ಲಕ್ಷಕ್ಕೂ ಮಿಕ್ಕ ಮಕ್ಕಳನ್ನು ಕೂಡಿಸಿ ಹತ್ತನೆಯ ತರಗತಿಯ ಪರೀಕ್ಷೆ ನಡೆಸಿದ್ದು ಸಾಹಸವೇ ಸರಿ. ಆದರೆ ಚಿಕ್ಕ ಮಕ್ಕಳ ಗತಿಯೇನು? ಆಗಸ್ಟಿನಲ್ಲಿ ವಿದ್ಯಾಗಮವೆಂಬ ಹೆಸರಿನಲ್ಲಿ ಉಪಾಧ್ಯಾಯರು ಹಳ್ಳಿಗಳಿಗೇ ಬಂದು ಅರಳಿಕಟ್ಟೆಯಲ್ಲಿಯೂ ಗುಡಿಯ ಪೌಳಿಯಲ್ಲಿಯೂ ಪಾಠ ಹೇಳಿದರು; ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ವರದಿಗಳು ಬಂದು ಅಕ್ಟೋಬರಿನಲ್ಲಿ ಅದೂ ನಿಂತಿತು. ಮೊಬೈಲಿನ ಪಾಠವೆಂಬುದು, ಮನೆಗೊಂದೇ ಫೋನಿದ್ದು ಅದೂ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗುವ ಮನೆಯಲ್ಲಿ, ಹಾಸ್ಯದ ಮಾತು. ಹುಡುಗರು ದನ ಮೇಯಿಸಿದರು, ಸೊಪ್ಪು ಕೊಯ್ದರು. ಹದಿನೈದು ಹದಿನಾರರ ಹೆಣ್ಣುಮಕ್ಕಳಿಗೆ ಸದ್ದಿಲ್ಲದೆ ಮದುವೆಗಳಾದುವು. ಮನೆಯ ಮುಂದಿನ ಚಪ್ಪರದಲ್ಲಿ ಐವತ್ತು ಜನರಲ್ಲಿ ಮುಗಿದ ಮದುವೆಯನ್ನು ಮಿತವ್ಯಯದ ಆದರ್ಶವೆಂದು ಹೊಗಳಿದವರು, ವಧುವಿನ ವಯಸ್ಸನ್ನು ಕೇಳಲಿಲ್ಲ. ಮೂರನೆಯ ತರಗತಿಯಲ್ಲಿ ಬಿಟ್ಟ ಮಗು ಐದನೆಯದಕ್ಕೆ ಬಂದು ಕುಳಿತಾಗ, ಅದಕ್ಕೆ ಕಾಗುಣಿತ ಮರೆತಿದ್ದರೆ ತಪ್ಪು ಮಗುವಿನದೆಂದು ಯಾರೂ ಹೇಳಲಾಗದು.

ಪಿಡುಗು ನಮ್ಮ ಸೀಮೆಗೆ ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಅಲ್ಲಿಂದ ಹಳ್ಳಿಗಳಿಗೆ ಹರಡಿ, ಎಷ್ಟೋ ವರ್ಷಗಳವರೆಗೆ ಮರುಕಳಿಸುತ್ತಿದ್ದಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಖಾಲಿಯಾಗಿ, ಹೊಲಗಳಲ್ಲಿ ಸೋಗೆಯ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಶಾರ್ವರಿಯ ಅಂತರ ಕಾಯುವ ಪಾಠವನ್ನು ಅವರು ಆಜ್ಞೆಯಿಲ್ಲದೆ ಆಚರಿಸಿದವರು. 1918ರ ಇನ್‌ಫ್ಲುಯೆಂಜಾ ಅದಕ್ಕಿಂತ ಕ್ರೂರ. ಓಡಿಹೋಗಲು ಅದು ಸಮಯವನ್ನೇ ಕೊಡಲಿಲ್ಲ. 1911ರಲ್ಲಿ ಸುಮಾರು 58 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1921ರಲ್ಲಿ 60 ಲಕ್ಷವನ್ನೂ ಮುಟ್ಟಲಿಲ್ಲ; ಇಡೀ ಭಾರತದ ಜನಸಂಖ್ಯೆ ಆ ದಶಕದಲ್ಲಿ ಇಳಿದೇ ಹೋಯಿತು. ಅಷ್ಟು ದೊಡ್ಡ ಉತ್ಪಾತದ ನೆನಪು ನಮ್ಮ ಹಳ್ಳಿಗಳಲ್ಲಿ ಏನುಳಿದಿದೆ? ಅಲ್ಲೊಂದು ಪ್ಲೇಗಿನಮ್ಮನ ಗುಡಿ, ಇಲ್ಲೊಂದು ಮಾರಿಹಬ್ಬದ ಹರಕೆ. ಯಾವ ಮನೆಯಲ್ಲಿ ಯಾರು ಹೋದರು, ಉಳಿದ ಮಕ್ಕಳನ್ನು ಯಾರು ಸಾಕಿದರು, ಆ ವರ್ಷ ರಾಗಿಯನ್ನು ಕೊಯ್ದವರು ಯಾರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಈಗ ಅಕ್ಷರ ಬಲ್ಲವರು ಪ್ರತಿಯೊಂದು ಮನೆಯಲ್ಲಿಯೂ ಇದ್ದಾರೆ; ಗ್ರಾಮಪಂಚಾಯಿತಿಯ ಕಚೇರಿಯಲ್ಲಿ ಪುಸ್ತಕಗಳಿಗೂ ಕೊರತೆಯಿಲ್ಲ. ಶಾರ್ವರಿಯಲ್ಲಿ ಊರಿಗೆ ಏನಾಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮೊಮ್ಮಕ್ಕಳಿಗಾದರೂ ಉಪಯೋಗವಾದೀತು.

2021ರ ಜನವರಿಯ ಹೊಸ ವರ್ಷ ಬಂದಾಗ ಎಲ್ಲ ಮುಗಿಯಿತೆಂಬ ಭಾವನೆ ವ್ಯಾಪಕವಾಗಿದ್ದಿತು. ಡಿಸೆಂಬರಿನ ಗ್ರಾಮಪಂಚಾಯಿತಿ ಚುನಾವಣೆಗಳ ಸಂಭ್ರಮದಲ್ಲಿ ಮುಖಗವಸುಗಳು ಜೇಬು ಸೇರಿದ್ದುವು; ಜನವರಿ 1ರಿಂದ ಹತ್ತನೆಯ ತರಗತಿಯವರಿಗೂ ದ್ವಿತೀಯ ಪಿಯುಸಿಯವರಿಗೂ ಶಾಲೆ ಕಾಲೇಜುಗಳು ತೆರೆದುವು; ನಿಂತಿದ್ದ ಮದುವೆಗಳೆಲ್ಲ ಒಟ್ಟಿಗೆ ಬಂದುವು. ಆದರೆ ಪ್ಲವ ಕಾಲಿಡುವ ವೇಳೆಗೆ ಸಂಖ್ಯೆಗಳು ಮತ್ತೆ ಏರುತ್ತಿದ್ದುವು. ಏಪ್ರಿಲ್ 10ರಿಂದ ಬೆಂಗಳೂರು, ಮೈಸೂರು ಮೊದಲಾದ ನಗರಗಳಲ್ಲಿ ರಾತ್ರಿಯ ಕರ್ಫ್ಯೂ ಬಂದಿತು. ರಾಜ್ಯದಲ್ಲಿ ಅಲ್ಲಿಯವರೆಗೆ ಸತ್ತವರ ಸಂಖ್ಯೆ ಹದಿಮೂರು ಸಾವಿರವನ್ನು ಮುಟ್ಟುತ್ತಿದ್ದಿತು. ಸಾರಿಗೆ ನೌಕರರ ಮುಷ್ಕರದಿಂದಾಗಿ ಆ ಯುಗಾದಿಗೆ ಸರ್ಕಾರಿ ಬಸ್ಸುಗಳೂ ಬಹುಮಟ್ಟಿಗೆ ಇರಲಿಲ್ಲ. ಹಬ್ಬಕ್ಕೆ ಊರಿಗೆ ಬರುವವರು ಖಾಸಗಿ ಗಾಡಿಗಳಲ್ಲಿ ಒತ್ತೊತ್ತಾಗಿ ಕುಳಿತು ಬಂದರು.

ಒಂದೇ ಒಂದು ವ್ಯತ್ಯಾಸವಿತ್ತು. ಹಿಂದಿನ ಯುಗಾದಿಯಲ್ಲಿ ನಮ್ಮ ಕೈಯಲ್ಲಿ ಸಾಬೂನಿನ ಹೊರತು ಬೇರೇನೂ ಇರಲಿಲ್ಲ, ಪ್ಲವದ ಯುಗಾದಿಯಲ್ಲಿ ಲಸಿಕೆಯಿದ್ದಿತು. ಜನವರಿ 16ರಿಂದ ಆರೋಗ್ಯ ಕಾರ್ಯಕರ್ತರಿಗೆ, ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ, ಏಪ್ರಿಲ್ 1ರಿಂದ ನಲವತ್ತೈದು ದಾಟಿದ ಎಲ್ಲರಿಗೂ ಅದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆಯಾಗಿ ದೊರೆಯಿತು. ಆ ಯುಗಾದಿಯ ವಾರವನ್ನು ಲಸಿಕಾ ಉತ್ಸವವೆಂದೇ ಸಾರಿದರು. ಅದನ್ನು ಮನೆಬಾಗಿಲಿಗೆ ಬಂದು ಹೇಳಿದವರು ಅದೇ ಆಶಾ ಕಾರ್ಯಕರ್ತೆಯರು. ಸೂಜಿ ಹಾಕಿಸಿಕೊಂಡರೆ ಜ್ವರ ಬರುತ್ತದೆ, ಶಕ್ತಿ ಕುಂದುತ್ತದೆ, ತೋಟದ ಕೆಲಸ ಕೆಡುತ್ತದೆ ಎಂಬ ಮಾತುಗಳು ಜಗಲಿಗಳಲ್ಲಿ ಓಡಾಡಿದುವು. ಒಂದೆರಡು ದಿನ ಮೈಬಿಸಿಯಾಗುವುದುಂಟು, ಅದು ತಾನಾಗಿ ಇಳಿಯುತ್ತದೆ. ಹುಳುಮನೆಯ ಕೆಲಸವಿದ್ದರೆ ಮನೆಯವರೆಲ್ಲ ಒಂದೇ ದಿನ ಹೋಗದೆ ಸರದಿಯ ಮೇಲೆ ಹೋಗಬಹುದಾಗಿತ್ತು. ಹೊಸತೊಡಕಿನ ಊಟ ಮುಗಿಸಿ, ಆಧಾರ್ ಚೀಟಿ ಹಿಡಿದುಕೊಂಡು, ಮನೆಯ ಹಿರಿಯರನ್ನೂ ಕರೆದುಕೊಂಡು, ಆ ವಾರದಲ್ಲಿಯೇ ಹೋಬಳಿಯ ಆರೋಗ್ಯ ಕೇಂದ್ರಕ್ಕೆ ಹೋಗಿ, ಎರಡನೆಯ ಸೂಜಿಯ ದಿನಾಂಕವನ್ನು ಅಲ್ಲಿ ಚೀಟಿಯಲ್ಲಿ ಬರೆಯಿಸಿಕೊಂಡು ಬರುವುದಷ್ಟೇ ಉಳಿದ ಕೆಲಸವಾಗಿತ್ತು.